ದೇವರ ಬತ್ತಿ, ಬೆಕ್ಕಿನ ಬಾಯಿ

ನಮ್ಮ ಬೆಕ್ಕು ಕರಿಯನಿಗೆ ಹದಿನೆಂಟು ವರ್ಷ. ಮೊನ್ನೆ ಇದ್ದಕ್ಕಿದ್ದಂತೆ ಕುಸಿದುಬಿದ್ದ, ಹಿಂಗಾಲಿಗೆ ಸ್ವಾಧೀನವೇ ಇಲ್ಲ. ಸಾಗರದ ಡಾಕ್ಟರು ಸೂಜಿಯಿಲ್ಲದ ಸಿರಿಂಜು ಕೊಟ್ಟು, "ಎರಡು ದಿನದಲ್ಲಿ ಹೊಟ್ಟೆಗೆ ಏನಾದ್ರೂ ಇಳಿದ್ರೆ ಉಳೀತದೆ" ಎಂದರು. ಪ್ಲಾಸ್ಟಿಕ್ಕು ತುಟಿಗೆ ತಾಗಿದರೆ ಸಾಕು, ಮುಖ ತಿರುಗಿಸುತ್ತಾನೆ. ಇವತ್ತು ಬೆಳಿಗ್ಗೆ ಸಿಟ್ಟು ಬಂದು ಸಿರಿಂಜನ್ನೇ ಎಸೆದೆ. ಬಟ್ಟಲಲ್ಲಿದ್ದ ಗಂಜಿ ತಿಳಿಯ ಬಿಸಿ ವಾಸನೆ ಮೂಗಿಗೆ ಬಡಿದು ಅಮ್ಮ ನೆನಪಾದಳು.

ನನ್ನ ಬಾಲ್ಯದಲ್ಲಿ ಅಪ್ಪನಿಗೆ ಕಾರ್ಗಲ್ಲಿನಲ್ಲಿ ಕೆಲಸ, ನಮಗೆ ಎರಡು ಕೋಣೆಯ ಕ್ವಾರ್ಟರ್ಸು. ಅಲ್ಲೊಂದು ಮುದಿ ಬೆಕ್ಕಿತ್ತು. ಅಮ್ಮ ಅದನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ, ಪೊರಕೆಯಲ್ಲೇ ಮಾತಾಡಿಸುತ್ತಿದ್ದಳು. ಆ ಮುದಿ ಬೆಕ್ಕು ಒಂದು ದಿನ ಏಳಲಾರದೆ ಬಿದ್ದಾಗ ನಾನು ಚಮಚದಲ್ಲಿ ಹಾಲು ಸುರಿದು ಅದರ ಉಸಿರು ಕಟ್ಟಿಸಿದೆ. ಅಮ್ಮ ನನ್ನ ತಲೆಗೆ ಮೊಟಕಿ, ದೇವರ ದೀಪಕ್ಕೆ ಹೊಸೆದಿಟ್ಟಿದ್ದ ಹತ್ತಿಯ ಬತ್ತಿಯನ್ನು ಗಂಜಿ ತಿಳಿಯಲ್ಲಿ ಅದ್ದಿ ಅದರ ಕಟಬಾಯಿಗೆ ಇಟ್ಟಳು.

"ದೇವ್ರ ಬತ್ತಿ ಬೆಕ್ಕಿನ ಬಾಯಿಗಾ? ಎಂತ ಬುದ್ಧಿಯೇ ನಿಂದು?" ಎಂದಳು ಅಜ್ಜಿ.

"ದೇವ್ರಿಗೆ ಬೇರೆ ಹೊಸಿತೀನಿ ಅತ್ತೆ. ದೇವ್ರು ಸಂಜೆ ತನಕ ಕಾಯ್ತಾನೆ, ಇದು ಕಾಯಲ್ಲ."

ಅಜ್ಜಿ ಗೊಣಗುತ್ತಲೇ ಇದ್ದಳು. ಮಾರನೇ ದಿನ ತಾನೇ ಕೂತು ಬೆಕ್ಕಿಗೆಂದು ದಪ್ಪ ಬತ್ತಿ ಹೊಸೆದಳು. ಬೆಕ್ಕು ಎದ್ದು ಓಡಾಡಿತು, ಮತ್ತೆ ಪೊರಕೆ ಏಟೂ ತಿಂದಿತು.

ಇವತ್ತು ನಾನೂ ಹತ್ತಿ ತಂದು ಹೊಸೆದೆ. ನನ್ನ ಒರಟು ಕೈಗೆ ಬತ್ತಿ ಹಗ್ಗದ ಹಾಗೆ ಬಂತು. ತಿಳಿಯಲ್ಲಿ ಅದ್ದಿ ಕಟಬಾಯಿಗೆ ಇಟ್ಟು, "ಕುಡಿಯೋ ಮುದುಕಾ" ಎಂದು ಬೈದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬತ್ತಿಯನ್ನು ಸಣ್ಣಗೆ ಎಳೆದದ್ದು ನನ್ನ ಬೆರಳಿಗೆ ಗೊತ್ತಾಯಿತು.

ಚೀಪುತ್ತಿದ್ದ.