ಬಿಳಿ ಕುದುರೆಯ ಹಣೆಯ ವಿಭೂತಿ

ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ಮನೆಯ ಪಕ್ಕದ ಲಾಯದಲ್ಲಿ ಒಂದು ಬಿಳಿ ಕುದುರೆ ಇತ್ತು. ನನ್ನ ಮಾವನವರ ಜಟಕಾ ಎಳೆಯುವ ಕುದುರೆ. ರೈಲು ಬರುವ ಹೊತ್ತಿಗೆ ಸ್ಟೇಷನ್ನಿನ ಹೊರಗೆ ನಿಂತು, ನ್ಯೂ ಟೌನಿನ ಕ್ವಾರ್ಟರ್ಸಿಗೆ ಹೋಗುವವರನ್ನು ಹತ್ತಿಸಿಕೊಳ್ಳುವುದು ಅವರ ಕೆಲಸ. ನನ್ನ ಗಂಡ ಆಗಲೇ ಕಾರ್ಖಾನೆಗೆ ಸೇರಿ ಸಂಬಳ ತರುತ್ತಿದ್ದರು. ಆದರೂ ಮಾವ ಜಟಕಾ ಬಿಟ್ಟಿರಲಿಲ್ಲ. ಮನೆಯಲ್ಲಿ ಕೂತರೆ ನನ್ನ ಕಾಲೂ ಹಿಡಿದುಕೊಳ್ಳುತ್ತವೆ, ಕುದುರೆಯ ಕಾಲೂ ಹಿಡಿದುಕೊಳ್ಳುತ್ತವೆ ಎನ್ನುತ್ತಿದ್ದರು.

ಮಾವ ಜಂಗಮರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಾವು ವಿಭೂತಿ ಧರಿಸಿದ ಮೇಲೆ ನೇರ ಲಾಯಕ್ಕೆ ಬರುತ್ತಿದ್ದರು. ಹೆಗಲ ವಸ್ತ್ರದಿಂದ ಕುದುರೆಯ ಹಣೆ ಒರೆಸಿ, ಮೂರು ಬೆರಳಿನಲ್ಲಿ ಹೊಸ ವಿಭೂತಿ ಎಳೆಯುತ್ತಿದ್ದರು. ಆ ಕುದುರೆಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ ಅವರ ಮೆಟ್ಟಿನ ಸದ್ದು ಕೇಳಿದರೆ ಸಾಕು, ತಲೆ ತಗ್ಗಿಸಿ ನಿಲ್ಲುತ್ತಿತ್ತು. ದಿನಾ ಹುರುಳಿ ಬೇಯಿಸಿ ಇಡುತ್ತಿದ್ದವಳು ನಾನು. ನನಗೆ ಅದು ಒಂದು ದಿನವೂ ಹಾಗೆ ತಲೆ ತಗ್ಗಿಸಿದ್ದಿಲ್ಲ. "ನಿನ್ ಮುಂದೆ ಅದು ಹೊಟ್ಟೆ ಒಡ್ಡುತ್ತೆ ತಾಯಿ, ನನ್ ಮುಂದೆ ಹಣೆ ಒಡ್ಡುತ್ತೆ" ಎಂದು ಮಾವ ನಗುತ್ತಿದ್ದರು.

ಹಿಂದಿನ ಓಣಿಯಲ್ಲಿ ಒಬ್ಬರು ಸಾಹೇಬರಿದ್ದರು. ಅವರದೂ ಜಟಕಾ. ಅವರ ಕುದುರೆ ಅಪ್ಪಟ ಕಪ್ಪು, ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುವಂಥದ್ದು. ಮಾವನಿಗೂ ಅವರಿಗೂ ಹುಡುಗತನದ ಕಾಲದಿಂದ ಸ್ನೇಹ. ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ಅತ್ತೆ ಕೊಟ್ಟ ಚಹಾ ಕುಡಿದು, ಇಬ್ಬರೂ ಹಿಂದುಮುಂದಾಗಿ ಸ್ಟೇಷನ್ನಿಗೆ ಹೊರಡುತ್ತಿದ್ದರು. ಯಾವತ್ತೋ ಒಂದು ದಿನ ಸಾಹೇಬರು ತಮಾಷೆಗೆ ಅಂದರಂತೆ: "ಏನ್ ಅಯ್ನೋರೆ, ನಿಮ್ಮ ಕುದುರೆಗೆ ಮಾತ್ರ ಹಚ್ತೀರಿ. ಅದಕ್ಕೇ ಬಾಡಿಗೆ ಎಲ್ಲ ನಿಮ್ಮ ಕಡೆಗೇ ಓಡ್ತದೆ. ನಮ್ಮದಕ್ಕೂ ಒಂದು ಗೆರೆ ಎಳೀರಿ, ನಿಮ್ಮ ಕೈಯಲ್ಲಿ ಬರ್ಕತ್ ಇದೆ." ಮಾವ ಅದೇ ವಸ್ತ್ರದಿಂದ ಕಪ್ಪು ಕುದುರೆಯ ಹಣೆ ಒರೆಸಿ ವಿಭೂತಿ ಹಚ್ಚಿದರು. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ, ಪದ್ಧತಿಯಾಯಿತು. ನಾನು ಬರುವ ಹೊತ್ತಿಗೆ ಎರಡೂ ಕುದುರೆಗಳು ವಿಭೂತಿ ಇಲ್ಲದೆ ಓಣಿ ದಾಟುತ್ತಿರಲಿಲ್ಲ.

ಒಂದು ಮಳೆಗಾಲ ಮುಗಿಯುತ್ತ ಬಂದಾಗ ಕಪ್ಪು ಕುದುರೆಯ ಕಿವಿಯ ಹತ್ತಿರ ಕಾಸಿನಗಲ ಕೂದಲು ಉದುರಿತು. ಆಮೇಲೆ ಕೆನ್ನೆಯ ಮೇಲೊಂದು, ಕುತ್ತಿಗೆಯ ಮೇಲೊಂದು. ದುಂಡಗೆ, ಬೂದುಬಣ್ಣದ ಹೊಟ್ಟು ಕೂತ ಮಚ್ಚೆಗಳು. "ಕಾವಲಿ ಮೇಲೆ ದೋಸೆಹಿಟ್ಟು ಸಿಡಿದ ಹಾಗಿದೆಯಲ್ಲ" ಎಂದರು ಅತ್ತೆ. ಕಪ್ಪು ಮೈ, ದೂರದಿಂದಲೇ ಕಾಣುತ್ತಿತ್ತು.

ಸ್ಟೇಷನ್ನಿನ ಜಟಕಾ ಸ್ಟ್ಯಾಂಡಿನವರೆಲ್ಲ ನೋಡಿ ಹುರುಕು ಎಂದರು. ಹುರುಕಿಗೆ ಏನೇನು ಮದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಹೊಂಗೆ ಎಣ್ಣೆಯಲ್ಲಿ ಗಂಧಕದ ಪುಡಿ ಕಲಸಿ ಹಚ್ಚಿದರು. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಮೈ ತೊಳೆದರು. ಮೊದಲೇ ಅವರು ಚೊಕ್ಕಟದ ಮನುಷ್ಯ. ಅವರ ಹೆಂಡತಿ ಸೀರೆಯನ್ನೂ ಅಷ್ಟು ಒಗೆಯುತ್ತಿರಲಿಲ್ಲವೇನೋ, ಕುದುರೆ ಬೆನ್ನಿನ ಬಟ್ಟೆಯನ್ನು ಅವರು ಅಷ್ಟು ಒಗೆಯುತ್ತಿದ್ದರು. ಮೈ ಉಜ್ಜುವ ಬ್ರಷ್ಷನ್ನು ಬಿಸಿಲಿಗೆ ಇಟ್ಟು ಕಾಯುತ್ತಿದ್ದರು, ಕಾಗೆ ಎತ್ತಿಕೊಂಡು ಹೋದೀತೆಂದು.

ಎಣ್ಣೆ ಹಚ್ಚಿದಾಗ ಮಚ್ಚೆ ತಗ್ಗಿದ ಹಾಗೆ ಕಾಣುತ್ತಿತ್ತು. ಮತ್ತೆ ಕಿವಿಯ ಬುಡದಲ್ಲೋ ಹಣೆಯ ಅಂಚಿನಲ್ಲೋ ಹೊಸದು ಏಳುತ್ತಿತ್ತು. ಮಾವ ಸ್ನೇಹಿತನ ಸಂಕಟ ನೋಡಲಾರದೆ ವಿಭೂತಿಯನ್ನು ಇನ್ನಷ್ಟು ಭಕ್ತಿಯಿಂದ ಹಚ್ಚತೊಡಗಿದರು. ಮೊದಲು ಒಂದು ಸಲ ಒರೆಸುತ್ತಿದ್ದವರು ಈಗ ವಸ್ತ್ರದಿಂದ ಹಣೆ, ಕೆನ್ನೆ, ಕುತ್ತಿಗೆ ಎಲ್ಲ ಒರೆಸಿ, ಮಂತ್ರ ಹೇಳಿ ಹಚ್ಚುತ್ತಿದ್ದರು. "ನಿಮ್ಮ ಕೈ ಬಿದ್ದ ಮೇಲೆ ವಾಸಿ ಆಗ್ಲೇಬೇಕು ಅಯ್ನೋರೆ" ಎನ್ನುತ್ತಿದ್ದರು ಸಾಹೇಬರು.

ವಾಸಿಯಾಗಲಿಲ್ಲ. ಪ್ರಯಾಣಿಕರು ಕುದುರೆಯನ್ನು ನೋಡಿ ಮೂಗು ಮುಚ್ಚಿಕೊಂಡು ಬೇರೆ ಗಾಡಿ ಹತ್ತತೊಡಗಿದರು. ಉಳಿದ ಜಟಕಾದವರು, ನಮ್ಮ ಕುದುರೆಗಳಿಗೂ ಅಂಟಿಸ್ತೀರಿ, ಆಚೆ ನಿಲ್ಲಿಸಿ ಎಂದು ಗೊಣಗಿದರು. ಸಾಹೇಬರು ಮಾವನ ಮುಖ ನೋಡಿದರಂತೆ, ಇವರು ತಮ್ಮ ಪರವಾಗಿ ಏನಾದರೂ ಹೇಳಿಯಾರೆಂದು. ಆಗ ಮಾವ ಆಡಿದ ಮಾತನ್ನು ನಾನು ಕಿವಿಯಾರೆ ಕೇಳಿದ್ದಲ್ಲ. ಷಿಫ್ಟಿಗೆ ಹೊರಟಿದ್ದ ನನ್ನ ಗಂಡ ಕೇಳಿ ಬಂದು ಹೇಳಿದ್ದು.

"ಅವರು ಹೇಳೋದ್ರಲ್ಲಿ ತಪ್ಪೇನಿದೆ ಮಾರಾಯ? ನೀನು ಲಾಯ ಗಲೀಜು ಇಟ್ಕೊಂಡಿದೀಯ, ಅದಕ್ಕೇ ಬಂದಿದೆ. ನಮ್ಮ ಕುದುರೆ ನೋಡು, ಒಂದು ಮಚ್ಚೆ ಇದೆಯಾ? ನಾಳೆಯಿಂದ ನನ್ ಪಕ್ಕ ಕಟ್ಟಬೇಡ."

ಸಾಹೇಬರು ಲಗಾಮು ಹಿಡಿದು ಕುದುರೆಯನ್ನು ಸ್ಟ್ಯಾಂಡಿನ ಹುಣಸೆಮರದ ಆಚೆಗೆ ನಡೆಸಿಕೊಂಡು ಹೋದರಂತೆ. ಮರುದಿನ ಅತ್ತೆ ಚಹಾ ಇಟ್ಟುಕೊಂಡು ಕಾದರು. ಓಣಿಯಲ್ಲಿ ಗೊರಸಿನ ಸದ್ದು ಬಂತು, ನಿಲ್ಲದೆ ಹೋಯಿತು. "ಮಾತಾಡೋಕ್ ಮುಂಚೆ ನಾಲಿಗೆಗೂ ಒಂಚೂರು ವಿಭೂತಿ ಹಚ್ಕೋಬೇಕಿತ್ತು" ಎಂದು ಅತ್ತೆ ಮಾವನಿಗೆ ಕೇಳುವ ಹಾಗೆಯೇ ಹೇಳಿ, ಚಹಾವನ್ನು ಬಚ್ಚಲಿಗೆ ಚೆಲ್ಲಿದರು.

ಬಾಡಿಗೆ ಇಲ್ಲದೆ ಸಾಹೇಬರಿಗೆ ಬಹಳ ದಿನ ತಡೆಯಲಾಗಲಿಲ್ಲ. ಕಪ್ಪು ಕುದುರೆಯನ್ನು ಶಿವಮೊಗ್ಗದ ಹೊಳೆಯ ಬಳಿ ಇಟ್ಟಿಗೆ ಸುಡುವವರೊಬ್ಬರಿಗೆ ಮಾರಿ, ಸಂಸಾರ ಸಮೇತ ಆ ಊರಿಗೇ ಹೋದರು. ಸ್ಟ್ಯಾಂಡಿನಲ್ಲಿ ಅವರು ನಿಲ್ಲುತ್ತಿದ್ದ ಜಾಗಕ್ಕೆ ಇನ್ನೊಬ್ಬ ಬಂದ. ಆ ಕಾಯಿಲೆಗೆ ಮಾತ್ರ ಅಲ್ಲಿ ಒಂದು ಹೆಸರು ಉಳಿಯಿತು: ಸಾಹೇಬರ ಹುರುಕು.

ಬೇಸಿಗೆಗೆ ಮುಂಚೆ ನಾನು ಶಿವಮೊಗ್ಗದ ತವರಿಗೆ ಹೊರಟಿದ್ದೆ. ಆಗ ನಮ್ಮ ಬಿಳಿ ಕುದುರೆಯ ಕುತ್ತಿಗೆಯ ಪಟ್ಟಿಯ ಕೆಳಗೆ ಒಂದು ಮಚ್ಚೆ ಕಂಡಿತು. "ಹೋಗ್ತಾ ಹೋಗ್ತಾ ನಿನ್ನ ಅದೇ ಜಟಕಾದಲ್ಲಿ ಬಿಟ್ಟು, ದನದ ಆಸ್ಪತ್ರೇಲಿ ತೋರಿಸ್ಕೊಂಡು ಬರ್ತೀನಿ. ಸಾಹೇಬ ಕೊನೆಗೂ ಅಂಟಿಸಿದ ನೋಡು" ಎಂದರು ಮಾವ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಿತ್ತು. ಬೆಳಿಗ್ಗೆ ಹೊರಟು, ದಾರಿಯಲ್ಲಿ ಕುದುರೆಗೆ ನೀರು ಕುಡಿಸಿ, ತುಂಗೆಯ ಸೇತುವೆ ದಾಟಿ ಮೊದಲು ಆಸ್ಪತ್ರೆಗೇ ಹೋದೆವು.

ಡಾಕ್ಟರು ವಯಸ್ಸಾದವರು, ಸಮಾಧಾನದವರು. ಬಂದವರೇ ಕೇಳಿದರು: "ತುರಿಸ್ಕೊಳ್ತದಾ? ಕಂಬಕ್ಕೆ, ಗೋಡೆಗೆ ಮೈ ಉಜ್ತದಾ?"

"ಇಲ್ಲ ಸ್ವಾಮಿ, ಸುಮ್ನೆ ನಿಲ್ಲುತ್ತೆ."

"ಹಾಗಿದ್ರೆ ಹುರುಕಲ್ಲ. ಹುರುಕಿನ ಹುಳ ಚರ್ಮದೊಳಗೆ ಕೊರೀತದೆ, ಕುದುರೇನ ಒಂದು ಗಳಿಗೆ ನಿಲ್ಲೋಕ್ ಬಿಡಲ್ಲ." ಅವರು ಮಚ್ಚೆಯ ಅಂಚಿನ ಕೂದಲನ್ನು ಮೆಲ್ಲಗೆ ಎಳೆದರು. ಬುಡದಲ್ಲೇ ಮುರಿದು, ಹೊಟ್ಟಿನ ಸಮೇತ ಬಂತು. "ನಮಗೆ ನಿಮಗೆ ಗಜಕರ್ಣ ಬರ್ತದಲ್ಲ, ಅದೇ ಜಾತಿ ಇದು. ಅಂಟುರೋಗ. ಸುತ್ತ ಕೂದಲು ಕತ್ತರಿಸಿ ಸುಟ್ಟುಬಿಡಿ. ಸೋಪು ಹಾಕಿ ಹೊಟ್ಟು ತೊಳೆದು ಟಿಂಚರ್ ಹಚ್ಚಿ. ಪಟ್ಟಿ, ಬಟ್ಟೆ ಎಲ್ಲ ಕುದಿಸಿ ಬಿಸಿಲಿಗೆ ಹಾಕಿ. ಸ್ವಲ್ಪ ಕಾಲ ಹಿಡೀತದೆ, ಆದರೆ ಹೋಗೋ ಕಾಯಿಲೆ. ಎಷ್ಟೋ ಸಲ ತಾನಾಗೇ ಹೋಗ್ತದೆ." ಹಾಗೆ ಹೇಳುತ್ತ ಕುದುರೆಯ ಮುಖದ ಕಡೆ ಬಂದು ನಿಂತರು. "ಈ ಹಣೆ ಒಂದ್ಸಲ ತೊಳೀರಿ."

ಮಾವ ಹಿಂದೆ ಮುಂದೆ ನೋಡಿದರು. ಬೆಳಿಗ್ಗೆ ಹಚ್ಚಿದ ವಿಭೂತಿ. ಆಮೇಲೆ ನೀರು ತಂದು ತಾವೇ ತೊಳೆದರು. ಬೂದಿ ಇಳಿದ ಮೇಲೆ ಜುಟ್ಟಿನ ಕೆಳಗೆ ಅಂಗೈಯಗಲ ಕೂದಲಿಲ್ಲದ ಜಾಗ ಕಂಡಿತು. ಕೂದಲು ಬಿಳಿಯಾದರೂ ಒಳಗಿನ ಚರ್ಮ ಕಪ್ಪು. ಅದರ ಮೇಲೆ ಹೊಟ್ಟು ಕೂತು, ಹೊಟ್ಟಿನ ಮೇಲೆ ವಿಭೂತಿ ಕೂತು ಯಾರಿಗೂ ಕಾಣದೆ ಹೋಗಿತ್ತು.

"ನಡುವೆ ಹೊಸ ಕೂದಲು ಬರ್ತಾ ಇದೆ ನೋಡಿ" ಎಂದರು ಡಾಕ್ಟರು. "ಇದು ತುಂಬಾ ಹಳೇದು. ಕುತ್ತಿಗೇದು ಈಗಿನದು."

"ಕೈಗೆ ಒರಟು ತಾಗ್ತಿತ್ತು" ಎಂದರು ಮಾವ, ತಮಗೇ ಹೇಳಿಕೊಂಡ ಹಾಗೆ. "ವಿಭೂತಿ ಗಟ್ಟಿಯಾಗಿದೆ ಅಂದ್ಕೊಂಡೆ. ಹೋದ ಮಳೆಗಾಲಕ್ಕೂ ಮುಂಚೆ."

"ಒರೆಸೋದು ಯಾತರಲ್ಲಿ?"

ಮಾವ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದರು.

ಅಲ್ಲಿಂದ ನನ್ನ ತವರಿಗೆ ಹೋಗುವ ಬದಲು ಅವರು ಜಟಕಾವನ್ನು ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದರು. ಸ್ಟ್ಯಾಂಡಿನವರ ಬಾಯಿಂದ ಕೇಳಿದ್ದಂತೆ ಸಾಹೇಬರು ಅಲ್ಲಿದ್ದರು. ಯಾರದೋ ಗಾಡಿ, ಯಾರದೋ ಬಡಕಲು ಕುದುರೆ. ಮಾವನನ್ನು ಕಂಡು ಎದ್ದು ನಿಂತರು, ಆದರೆ ಹತ್ತಿರ ಬರಲಿಲ್ಲ. ನಾನು ಗಾಡಿಯಲ್ಲೇ ಕೂತಿದ್ದೆ. ಮಾವ ಹೋಗಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಹಣೆಯ ಮಚ್ಚೆ, ವಸ್ತ್ರ, ಎಲ್ಲ. "ಕಾಯಿಲೆ ನಿನ್ನದಲ್ಲ. ನನ್ನ ಕುದುರೇದು. ದಿನಾ ನಾನೇ ನಿನ್ನ ಕುದುರೆ ಮೈಗೆ ಒರೆಸ್ತಾ ಬಂದೆ."

ಸಾಹೇಬರು ಕೈಯ ಲಗಾಮನ್ನು ಗಾಡಿಗೆ ಸುತ್ತಿ ಕಟ್ಟಿದರು. ಆಮೇಲೆ ಅಂದರು: "ಅದಕ್ಕೇ ಇರ್ಬೇಕು. ಇಲ್ಲಿಗೆ ಬಂದ ಮೇಲೆ ಅದಕ್ಕೆ ತಾನಾಗೇ ವಾಸಿ ಆಯ್ತು. ಹೊಳೆ ದಂಡೇಲಿ ಇಟ್ಟಿಗೆ ಹೊರ್ತಿರ್ತದೆ, ಆಗಾಗ ನೋಡ್ತೀನಿ. ಮೈ ತುಂಬಾ ಹೊಸ ಕೂದಲು."

"ಬಾ ಮಾರಾಯ, ಹೋಗಿ ಬಿಡಿಸ್ಕೊಂಡು ಬರೋಣ."

"ಕೊಡಲ್ಲ ಅವರು. ಕೇಳಿ ಆಯ್ತು." ಸಾಹೇಬರು ಮತ್ತೆ ಅಂದರು: "ಕುದುರೆ ಹೋಯ್ತು, ನಸೀಬು ಅಂತೀನಿ. ಆದರೆ ಗಲೀಜು ಅಂದ್ರಲ್ಲ ಅಯ್ನೋರೆ, ಎಲ್ಲರ ಎದುರಿಗೆ. ಇಲ್ಲಿಗೆ ಬಂದು ನನ್ನ ಕಿವೀಲಿ ಹೇಳಿದ್ರೆ ಅದು ಹೋಗ್ತದಾ? ಅಲ್ಲಿ ಹೇಳಿ. ಅದೇ ಜನರ ಎದುರಿಗೆ."

"ಹೇಳ್ತೀನಿ" ಎಂದರು ಮಾವ.

ಹೇಳಿದರು ಕೂಡ. ಊರಿಗೆ ಹೋದ ಮರುದಿನವೇ ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಸೇರಿಸಿ, ಬಿಳಿ ಕುದುರೆಯ ಜುಟ್ಟು ಎತ್ತಿ ಹಣೆ ತೋರಿಸಿ, ಒಂದೂ ಬಿಡದೆ ಹೇಳಿದರು. ನಾನು ತವರಿನಿಂದ ಮರಳಿದ ಮೇಲೆ ಅದನ್ನು ಅವರ ಬಾಯಿಂದಲೇ ಕೇಳಿದೆ. ಯಾರೂ ಜಗಳವಾಡಲಿಲ್ಲ, ಎದುರು ಮಾತಾಡಲಿಲ್ಲ. ಸುಮ್ಮನೆ ನಂಬಲಿಲ್ಲ, ಅಷ್ಟೆ. ಅಯ್ನೋರ ಕೈಯ ವಿಭೂತಿಯಿಂದ ಕಾಯಿಲೆ ಬರುವುದುಂಟೇ? ಪಾಪ, ಸ್ನೇಹಿತನ ಮಾನ ಉಳಿಸಲು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಒಬ್ಬ ವಯಸ್ಸಾದ ಜಟಕಾದವನಂತೂ ಅವರ ಕಾಲು ಮುಟ್ಟಿ, "ನಿಮ್ಮಂಥೋರು ಇರೋದ್ರಿಂದ್ಲೇ ಮಳೆ ಆಗ್ತಿದೆ ಬುದ್ಧಿ" ಎಂದನಂತೆ. ಇದನ್ನು ಹೇಳುವಾಗ ಮಾವ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ಸಾಹೇಬರು ಭದ್ರಾವತಿಗೆ ಮರಳಲಿಲ್ಲ. ಮಾವ ಶಿವಮೊಗ್ಗಕ್ಕೆ ಹೋದಾಗ ಅವರನ್ನು ಕಂಡು ಬರುತ್ತಿದ್ದರು. "ಹೇಳಿದ್ರಾ?" ಎಂದು ಅವರು ಕೇಳುತ್ತಿದ್ದರಂತೆ. "ಹೇಳ್ದೆ" ಎನ್ನುತ್ತಿದ್ದರಂತೆ ಮಾವ. ಜನ ನಂಬಿದರೋ ಇಲ್ಲವೋ ಎಂಬುದನ್ನು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಬಿಳಿ ಕುದುರೆಯ ಹಣೆ ವಾಸಿಯಾಯಿತು, ಹೊಸ ಕೂದಲು ಬಂತು. ಆಮೇಲೆ ಮಾವ ಯಾವ ಪ್ರಾಣಿಗೂ ವಿಭೂತಿ ಹಚ್ಚಲಿಲ್ಲ. ಕುದುರೆಗೆ ಅದು ತಿಳಿಯಬೇಕಲ್ಲ. ಬೆಳಿಗ್ಗೆ ಅವರ ಮೆಟ್ಟಿನ ಸದ್ದಿಗೆ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಅವರು ಬರಿಗೈಯಲ್ಲಿ ಅದರ ಮುಂದೆ ಒಂದು ಗಳಿಗೆ ನಿಂತು, ಕಟ್ಟಿದ ಹಗ್ಗ ಬಿಚ್ಚಲು ಪಕ್ಕಕ್ಕೆ ಹೋಗುತ್ತಿದ್ದರು.

ಕೆಲವು ವರ್ಷ ಕಳೆದ ಮೇಲೆ, ನಾನು ಶಿವಮೊಗ್ಗದಿಂದ ಬಂದು ಭದ್ರಾವತಿಯಲ್ಲಿ ರೈಲಿಳಿದು ಸ್ಟೇಷನ್ನಿನ ಹೊರಗೆ ಬಂದಾಗ, ಜಟಕಾದವರು ಹೊಸಬನೊಬ್ಬನ ಕುದುರೆಯ ಸುತ್ತ ನಿಂತಿದ್ದರು. ಅದರ ಕುತ್ತಿಗೆಯಲ್ಲಿ ದುಂಡನೆಯ ಮಚ್ಚೆ. "ಇದು ಸಾಹೇಬ್ರ ಹುರುಕು ಕಣಯ್ಯ, ದೂರ ಕಟ್ಟು" ಎಂದ ಒಬ್ಬ. ನನ್ನನ್ನು ಕರೆದೊಯ್ಯಲು ಬಂದಿದ್ದ ಮಾವ ಅವನ ಕಡೆ ತಿರುಗಿ ಹೇಳಿದರು: "ಸಾಹೇಬಂದಲ್ಲಪ್ಪ ಅದು. ನಂದು."

ಎಲ್ಲರೂ ಪ್ರೀತಿಯಿಂದ ನಕ್ಕರು.