ನಿಂತರೆ ಬಂದ್ ಬೀಳುವ ರೇಸ್ ಗಾಡಿ

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ಹಾರಿಸುತ್ತ ಹಿತ್ತಲಲ್ಲಿ ಕೂತಿದ್ದೆ. ಮಗಳ ಕ್ಲಾಸ್‌ಮೇಟ್ ಪ್ರಸಾದ ಏದುಸಿರು ಬಿಡುತ್ತ ಬಂದ.

"ಕಾಕೂ, ಗಾಡಿ ನಿಲ್ಲವಲ್ದ್ರಿ!"

"ರೇಸ್ ಗಾಡಿ ಯಾಕೋ ನಿಲ್ಲಬೇಕು? ಓಡಿದ್ರ ಸಾಕಲ್ಲ?"

"ಓಡೋದು ಓಡತೈತ್ರಿ. ಪೆಡಲ್ ಮ್ಯಾಲಿಂದ ಕಾಲ ತೆಗೆದ್ರ ಇಂಜಿನ್ ಬಂದ್ ಬೀಳಾಕತ್ತೈತಿ. ನಾಳೆ ಚೆಕಿಂಗ್. ಅಲ್ಲೂ ಹಿಂಗ ಮಾಡ್ತಂದ್ರ ಮುಗೀತು ನಮ್ಮ ಕತಿ."

ಮೊರ ಅಲ್ಲೇ ಬಿಟ್ಟು ಎದ್ದೆ. (ಅರ್ಧ ಶೇಂಗಾ ಕೋಳಿಗಳ ಪಾಲಾಯಿತು. ಅರ್ಧ ಉಳಿಯಿತಲ್ಲ, ದೇವರು ದೊಡ್ಡವನು.)

ನನ್ನ ಮಗಳು ಸುಪ್ರಿಯಾ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದಾಳೆ. ಕಾಲೇಜು ಕಾಲೇಜುಗಳ ನಡುವೆ ಗೋ-ಕಾರ್ಟ್ ಸ್ಪರ್ಧೆ ಇದೆಯೆಂದು ಅವಳೂ ಅವಳ ಗೆಳೆಯರೂ ಸೇರಿ, ಅಂಕಲಿಯ ನಮ್ಮ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಒಂದು ಗಾಡಿ ಕಟ್ಟಿದ್ದಾರೆ. ಗೋ-ಕಾರ್ಟ್ ನೋಡಿದ್ದೀರಾ? ಛತ್ತಿಲ್ಲ, ಬಾಗಿಲಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಸೀಟಿನ ಹಿಂದೆ, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿಗೆ ಇರುತ್ತದಲ್ಲ, ಅಂಥದೊಂದು ಸಣ್ಣ ಇಂಜಿನ್.

ಡ್ರೈವರ್ ಯಾರು? ನಮ್ಮ ಸುಪ್ರಿಯಾ. ತೂಕ ಕಡಿಮೆ ಇದ್ದವರೇ ಓಡಿಸಬೇಕು ಎಂದು ನಿಯಮ ಮಾಡಿದವರು ಹುಡುಗರೇ. ತಕ್ಕಡಿ ಇವಳ ಹೆಸರು ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿದರಂತೆ. ಈಗ ಏನು ಮಾಡುತ್ತೀರಿ?

ಆದರೆ ಟ್ರ್ಯಾಕಿಗೆ ಇಳಿಯುವ ಮೊದಲು ಚೆಕಿಂಗ್ ಇದೆ. ಇಂಜಿನ್ ಚಾಲೂ ಇಟ್ಟು ಗಾಡಿ ಸುಮ್ಮನೆ ನಿಲ್ಲಬೇಕು. ಬಂದ್ ಬೀಳಬಾರದು, ಮುಂದಕ್ಕೂ ಜರಗಬಾರದು. ಫೇಲಾದರೆ ಒಂದು ವರ್ಷದ ದುಡಿಮೆಯನ್ನು ಮತ್ತೆ ಪಿಕಪ್ಪಿಗೆ ಹೇರಿಕೊಂಡು ಮನೆಗೆ ಬರುವುದೇ.

ಶೆಡ್ಡಿಗೆ ಹೋದೆ. ಸುಪ್ರಿಯಾ ಪೆಡಲ್ ಒತ್ತಿದರೆ ಇಂಜಿನ್ ಊರು ಕೇಳುವಂತೆ ಅರಚುತ್ತಿತ್ತು. ಕಾಲು ತೆಗೆದಳೋ, ಬುಡ್ ಬುಡ್ ಬುಡ್... ಠಪ್.

ಪ್ರಸಾದ ಸ್ಕ್ರೂ ಡ್ರೈವರ್ ಹಿಡಿದು ಸಿದ್ಧನಾಗಿದ್ದ. "ಸ್ಲೋ ಸ್ಕ್ರೂ ಏರಿಸಿ ಬಿಡೋಣಲೇ. ಜೋರ ತಿರುಗ್ತೈತಿ, ಬಂದ್ ಬೀಳಾಂಗಿಲ್ಲ."

"ಹಂಗ ಮಾಡಿದ್ರ ಕ್ಲಚ್ ಹಿಡೀತೈತೋ. ಕಾಲ ತೆಗೆದ್ರೂ ಗಾಡಿ ತಾನ ಮುಂದ ಹೊಕ್ಕೈತಿ. ಚೆಕಿಂಗ್ ಮಾಡೋ ಸರ್ ಕಾಲ ಮ್ಯಾಲ ಹತ್ತಿಸೋಣೇನು?" ಎಂದಳು ಸುಪ್ರಿಯಾ.

ಪ್ರಸಾದ ಸ್ಕ್ರೂ ಡ್ರೈವರ್ ಕಿಸೆಗೆ ಹಾಕಿಕೊಂಡ.

ನಾವು ಮನೆಯಲ್ಲಿ ಏನು ಮಾಡುತ್ತೇವೆ? ಮಿಕ್ಸರ್ ನಿಂತರೆ ಗುದ್ದುತ್ತೇವೆ. ರಿಮೋಟ್ ಕೆಟ್ಟರೆ ಬಡಿಯುತ್ತೇವೆ. ಗ್ಯಾಸ್ ಹತ್ತದಿದ್ದರೆ ಲೈಟರನ್ನೇ ಬೈಯುತ್ತೇವೆ. ಇವಳು ಹಾಗಲ್ಲ. ಒಂದನ್ನು ನೋಡಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದಳು. ಪ್ಲಗ್ ಬಿಚ್ಚಿ ಒರೆಸಿದಳು. ಅದು ಚೆನ್ನಾಗಿಯೇ ಇತ್ತು. ಕಾರ್ಬುರೇಟರ್ ಇಂಜಿನ್ನಿಗೆ ಕೂಡುವ ಜಾಗಕ್ಕೆ ಕ್ಲೀನರ್ ಸ್ಪ್ರೇ ಹೊಡೆದು ಕಿವಿಗೊಟ್ಟಳು. ಸದ್ದು ಬದಲಾಗಲಿಲ್ಲ. "ಇಲ್ಲಿಂದ ಗಾಳಿ ಎಳಕೊಳ್ಳಾಕತ್ತಿಲ್ಲ" ಎಂದಳು. ಆಮೇಲೆ ಚೋಕ್ ಅರ್ಧ ಎಳೆದಳು. ಕಾಲು ತೆಗೆದಳು. ಇಂಜಿನ್ ಕೆಮ್ಮುತ್ತ, ಕುಂಟುತ್ತ, ಆದರೂ ಬಂದ್ ಬೀಳದೆ ನಿಂತಿತು!

"ಅವ್ವಾ, ಇದಕ್ಕ ಹಸಿವಾಗೇತಿ. ಚೋಕ್ ಎಳೆದ್ರ ಗಾಳಿ ಕಡಿಮಿ ಆಗಿ ಪೆಟ್ರೋಲ್ ಜಾಸ್ತಿ ಸಿಗತೈತಿ, ಅದಕ್ಕ ಬದಕತು. ಜೋರ ಓಡುವಾಗ ಉಣ್ಣೋ ದಾರಿ ಬ್ಯಾರೆ, ನಿಂತಾಗ ಉಣ್ಣೋ ದಾರಿ ಬ್ಯಾರೆ. ನಿಂತಾಗಿಂದು ಕಟ್ಟೇತಿ."

ಹಸಿವೆಂದರೆ ನನಗೆ ತಿಳಿಯದೇ? ಅಡುಗೆಮನೆಯಿಂದ ಸ್ಟೀಲ್ ಪರಾತ ತಂದುಕೊಟ್ಟೆ. ಅದರಲ್ಲೇ ಕಾರ್ಬುರೇಟರ್ ಬಿಚ್ಚಿದಳು. ಒಳಗಿಂದ ತಾಳಿಯ ಗುಂಡಿನಷ್ಟೇ ದಪ್ಪದ ಒಂದು ಹಿತ್ತಾಳೆಯ ತುಣುಕು ಬಂತು. ಅದೇ ಸ್ಲೋ ಜೆಟ್. ಅದರ ನಡುವೆ ಕಣ್ಣಿಗೆ ಕಾಣುವುದೇ ಕಷ್ಟವಾದ ತೂತು. ಬಿಸಿಲಿಗೆ ಹಿಡಿದು ನೋಡಿದಳು. ಬೆಳಕು ಬರಲಿಲ್ಲ. ತೂತಿನ ತುಂಬ ಹಳದಿ ಕೆಸರು.

ಪ್ರಸಾದ ಮೂಸಿ ನೋಡಿದ. "ಅರಿಶಿಣ ಲೇ!"

ಎಲ್ಲರೂ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ನನ್ನ ಅತ್ತೆಯ ಕಡೆ ತಿರುಗಿದೆವು.

ಅತ್ತೆ ಚಿಂಚಲಿ ಮಾಯಕ್ಕನ ಭಕ್ತೆ. ನಮ್ಮ ಮನೆಗೆ ಟ್ರ್ಯಾಕ್ಟರ್ ಬರಲಿ, ಬಾವಿಗೆ ಮೋಟರ್ ಬರಲಿ, ದೇವಿಯ ಭಂಡಾರ (ಅದೇ, ಅರಿಶಿನ ಪುಡಿ) ಹಾರಿಸದೆ ಶುರುವಾಗುವಂತಿಲ್ಲ. ಅದೂ ಇಂಜಿನ್ ಚಾಲೂ ಇರುವಾಗಲೇ ಹಾರಿಸಬೇಕು. "ಜೀವ ಇಲ್ಲದ ಗಾಡಿಗಿ ಭಂಡಾರ ಯಾಕ?" ಎಂಬುದು ಅವರ ಮಾತು. ಹಿಂದಿನ ದಿನ ಈ ಗಾಡಿಗೂ ಪೂಜೆಯಾಗಿತ್ತು. ಸುಪ್ರಿಯಾ ಪೆಟ್ರೋಲ್ ಸುರಿದು ಚಾಲೂ ಮಾಡಿದ್ದಳು. ಅತ್ತೆ "ಚಾಂಗಭಲೋ!" ಎಂದು ಬೊಗಸೆ ತುಂಬ ಭಂಡಾರ ಹಾರಿಸಿದ್ದರು. ಟ್ಯಾಂಕಿನ ಮುಚ್ಚಳ ಹಾಕಿರಲಿಲ್ಲ. (ಆರತಿಯನ್ನು ದೂರದಿಂದ ಬೆಳಗಿದ್ದು ನಮ್ಮೆಲ್ಲರ ಪುಣ್ಯ.)

ಅತ್ತೆಯ ಮುಖ ಬಾಡಿತು. "ಅಂದ್ರ ದೇವಿಗಿ ಒಪ್ಪಿಗಿ ಇಲ್ಲ. ಹುಡುಗಿ ಈ ಗಾಡಿ ಹತ್ತೂದು ಬ್ಯಾಡ ಅಂತ ಆಕಿನ ನಿಲ್ಲಿಸ್ಯಾಳ."

ದೇವಿ ಬೇಡ ಅಂದಳು ಎಂದು ಅತ್ತೆ ಒಮ್ಮೆ ನಿಶ್ಚಯಿಸಿದರೆ ನಮ್ಮ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ನಾನಂತೂ ಇಲ್ಲ, ನನಗೂ ಆ ತಾಯಿಯೇ ಗತಿ. ಇಂಜಿನ್ ರಿಪೇರಿಯಾದೀತು, ಡ್ರೈವರ್ ಸೀಟು? 'ಅದು ಹೊಲದ ಮಣ್ಣುರಿ ಅತ್ತಿ' ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಸುಪ್ರಿಯಾ ಎದ್ದು ಹೋಗಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಆಯಿ, ಮುಚ್ಚಳ ತೆರೆದಿಟ್ಟಾಕಿ ನಾ. ನಮ್ಮ ಮನಿ ಬಾಗಿಲ ನಾವ ತೆರೆದಿಟ್ಟು, ದೇವಿ ಒಳಗ ಬಂದಳು ಅಂತ ತಪ್ಪ ಆಕಿ ಮ್ಯಾಲ ಹಾಕೂದೇನು? ಇವತ್ತ ಇಲ್ಲೆ ನಿಂತಿದ್ದು ಛಲೋ ಆತು. ನಾಳೆ ಅಲ್ಲಿ ನಿಂತಿದ್ರ ಏನ್ ಮಾಡ್ತಿದ್ದೆ?"

ಅತ್ತೆ ಮೊಮ್ಮಗಳ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು: "ಈಗ ಆ ತೂತ ಹೆಂಗ ತೆರೀತಿ?"

ಪ್ರಸಾದ ಸೇಫ್ಟಿ ಪಿನ್ ಚಾಚಿದ. ಸುಪ್ರಿಯಾ ಅವನ ಕೈ ಮೇಲೊಂದು ಏಟು ಹಾಕಿದಳು. "ಹಿತ್ತಾಳಿ ಮೆತ್ತಗಿರ್ತೈತಿ. ಪಿನ್ ಹಾಕಿದ್ರ ತೂತ ದೊಡ್ಡದಾಗಿ ಲೆಕ್ಕಾನ ತಪ್ಪತೈತಿ. ಗಟ್ಟಿ ಇರಬೇಕು, ಗೀರು ಬೀಳಬಾರದು. ಅಂಥಾದ್ದು ಏನರ ಬೇಕು."

ನಾನು ಕಸಬರಿಗೆಯ ಕಡ್ಡಿ ತಂದೆ. ದಪ್ಪವಾಯಿತು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. "ನಿಂದರಬೇ, ಒಂದ ಕೂದಲ ಕೇಳಾಕತ್ತೀನಿ, ಹಾಲಲ್ಲ!" ಎಂಬ ಗದರಿಕೆ ಕೇಳಿಸಿತು. ಎಮ್ಮೆಯ ಬಾಲದ ಕೂದಲು ಹಿಡಿದು ಬಂದರು. ಎಮ್ಮೆ ಒದೆಯಲಿಲ್ಲ ಎಂಬುದನ್ನು ಆ ದಿನದ ದಯೆಗಳಲ್ಲಿ ಸೇರಿಸಿದ್ದೇನೆ.

ಸುಪ್ರಿಯಾ ಜೆಟ್ ಹಿಡಿದಳು, ಅತ್ತೆ ಕೂದಲು ತೂರಿಸಿದರು. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಸೂಜಿಗೆ ದಾರ ಪೋಣಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕೂದಲು ಹಳದಿಯಾಗಿ ಆಚೆ ಬಂತು. ಸ್ಪ್ರೇ ಹೊಡೆದು, ಸೈಕಲ್ ಪಂಪಿನಿಂದ ಗಾಳಿ ಊದಿ, ಮತ್ತೆ ಬಿಸಿಲಿಗೆ ಹಿಡಿದರೆ ಸಣ್ಣದೊಂದು ಬೆಳಕಿನ ಚುಕ್ಕಿ! ಟ್ಯಾಂಕಿನ ತಳದಲ್ಲಿದ್ದ ಅರಿಶಿನವನ್ನೂ ತೊಳೆದು, ಹೊಸ ಪೆಟ್ರೋಲ್ ಹಾಕಿದರು. ಈ ಸಲ ಮುಚ್ಚಳ ಬಿಗಿದವಳು ಸುಪ್ರಿಯಾ, ಎಳೆದು ನೋಡಿದವರು ಅತ್ತೆ.

ಚಾಲೂ ಮಾಡಿದಳು. ಪೆಡಲ್ ಒತ್ತಿ ಕಾಲು ತೆಗೆದಳು. ಇಂಜಿನ್ ಮೆಲ್ಲಗೆ, ಒಂದೇ ಸಮನೆ ಗುರುಗುಟ್ಟುತ್ತ ನಿಂತಿತು. ಗಾಡಿ ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಪ್ರಸಾದ ಕುಣಿದ. ನಾನು ಕೈ ಮುಗಿದೆ. ದೇವಿಗೋ ಮಗಳಿಗೋ ಕೇಳಬೇಡಿ, ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರು.

ಮಕ್ಕಳು ಬುದ್ಧಿವಂತರಾಗಲಿ ಎಂದು ನಾವೆಲ್ಲ ಬೇಡಿಕೊಳ್ಳುತ್ತೇವೆ. ತಪ್ಪು ಎಲ್ಲಿದೆ ಎಂದು ಹುಡುಕುವಾಗ ಮನೆಯ ಹಿರಿಯರ ಮನಸ್ಸಿಗೆ ಗೀರು ಬೀಳದಂತೆ ಹುಡುಕುವ ಬುದ್ಧಿಯನ್ನೂ ಬೇಡಿಕೊಳ್ಳಬೇಕೆಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಬೇಡದೆಯೇ ಸಿಕ್ಕಿದೆ.

ಮರುದಿನ ಫೋನ್ ಬಂತು. "ಅವ್ವಾ, ಚೆಕಿಂಗ್ ಪಾಸ್! ಆಯಿಗಿ ಹೇಳಬೇ!" ರೇಸಿನಲ್ಲಿ ಎಷ್ಟನೆಯ ನಂಬರು? ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತದೆ. ಕೊನೆಯ ಸುತ್ತಿನವರೆಗೂ ಓಡಿಸಿದಳು, ಮೈಗೆ ಗೀರಿಲ್ಲದೆ ಮನೆಗೆ ಬಂದಳು. ನನಗೆ ಅಷ್ಟು ಸಾಕು.

ಈಗ ಬಟ್ಟೆ ಒಗೆಯಲು ಕೂತಿದ್ದೇನೆ. ಅತ್ತೆಯ ಸೀರೆಯ ಸೆರಗಿಗೆ ಅಂಗೈಯಗಲ ಇಂಜಿನ್ ಎಣ್ಣೆಯ ಕಲೆ. ತಿಕ್ಕಲು ಬ್ರಶ್ ಎತ್ತಿದರೆ ಒಳಗಿಂದ ದನಿ ಬಂತು: "ಅದನ್ನ ಇರಗೊಡ ಬೇ. ನಾಳೆ ಹೆಣ್ಮಕ್ಕಳ ಸಂಘದ ಮೀಟಿಂಗಿಗಿ ಅದನ್ನ ಉಟ್ಕೊಂಡ ಹೋಗಾಕಿ ನಾ."

ನೀವೇ ಹೇಳಿ, ಒಗೆಯಲೋ ಬೇಡವೋ?