ಒಲೆಯ ಮೇಲಿನ ಹಗ್ಗ

ಪಾದರಸ ನೂರಾ ಐದನ್ನು ದಾಟಿ ಎರಡು ಸಣ್ಣ ಗೆರೆಗಳಾಚೆ ನಿಂತಿತ್ತು. ಒರೆಸಿ, ಕೊಡವಿ, ಮತ್ತೊಮ್ಮೆ ಇಟ್ಟು ನೋಡಿದೆ. ಅಷ್ಟೇ ಇತ್ತು.

ಅದು ಮದ್ದೂರು ಕಡೆಯ ಕೊಪ್ಪದ ಹೊರಗಿನ ಒಂದು ಹಂದಿಗೂಡು. ಎರಡನೇ ಮಹಾಯುದ್ಧದ ವರ್ಷಗಳು. ಗಂಡಸರು ಸೈನ್ಯದ ಕೆಲಸಕ್ಕೆ ಹೋಗಿದ್ದರಿಂದ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದಿದ್ದ ನನ್ನನ್ನು ಮಂಡ್ಯದ ಪಶುವೈದ್ಯರೊಬ್ಬರು ಸಹಾಯಕ್ಕೆ ತೆಗೆದುಕೊಂಡಿದ್ದರು. ಆ ಬೇಸಿಗೆಯಲ್ಲಿ ಹಂದಿಜ್ವರ ಬಂದು, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯುದ್ದಕ್ಕೂ ಗೂಡುಗಳು ಖಾಲಿಯಾಗಿದ್ದವು. ಹಂದಿ ಸತ್ತ ಮೇಲೂ ರೋಗ ಮಣ್ಣಿನಲ್ಲಿ, ಹಗ್ಗದಲ್ಲಿ, ತೊಟ್ಟಿಯಲ್ಲಿ ಉಳಿದಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಗೂಡಿಗೆ ಸುಣ್ಣ ಬಳಿಸಿ, ರೋಗವಿಲ್ಲದ ಊರಿನಿಂದ ತಂದ ಎರಡು ಮರಿಗಳನ್ನು ಒಳಗೆ ಬಿಡುತ್ತಿದ್ದೆವು. ನಲವತ್ತು ದಿನ ಅವು ಚೆನ್ನಾಗಿದ್ದರೆ ಮತ್ತೆ ಹಂದಿ ಸಾಕಲು ಅನುಮತಿ ಚೀಟಿ. ಜ್ವರ ಬಂದರೆ ಇನ್ನಾರು ತಿಂಗಳು ಗೂಡು ಖಾಲಿ ಇರಬೇಕು. ದಿನ ಬಿಟ್ಟು ದಿನ ಹೋಗಿ ಅವುಗಳ ಮೈಬಿಸಿ ಅಳೆಯುವುದು ನನ್ನ ಕೆಲಸ.

ಆ ಗೂಡಿನ ಒಡತಿಗೆ ಗಂಡನಿರಲಿಲ್ಲ, ಹೊಲವಿರಲಿಲ್ಲ. ಬದುಕೆಲ್ಲ ಹಂದಿಯ ಮೇಲೆಯೇ. ಅವಳ ಗೂಡಿನಲ್ಲಿ ಒಂದೂ ಉಳಿದಿರಲಿಲ್ಲ. ಮಳವಳ್ಳಿಯಲ್ಲಿದ್ದ ಅವಳ ತಂಗಿ, ಜ್ವರ ತಟ್ಟದೆ ಉಳಿದಿದ್ದ ಗಬ್ಬದ ಹಂದಿಯೊಂದನ್ನು ಅಕ್ಕನಿಗೆಂದು ತಡೆದಿಟ್ಟಿದ್ದಳು. ಮರಿ ಹಾಕುವ ಮೊದಲು ಹೊಡೆದುಕೊಂಡು ಬರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆಂದು ತಂಗಿಯ ಗಂಡ ಹೇಳಿಕಳಿಸಿದ್ದ. ಅವಳು ನಲವತ್ತನ್ನು ಬೆರಳಲ್ಲಿ ಎಣಿಸುತ್ತಿದ್ದಳು.

ನಮ್ಮ ಮರಿಗಳಿಗೆ ಅವಳು ಸರ್ಕಾರದ ಅಳಿಯಂದಿರು ಎಂದು ಹೆಸರಿಟ್ಟಿದ್ದಳು. "ಅಲ್ಲ ಕಣಮ್ಮಾರೆ, ಇಷ್ಟು ಓದ್ಬುಟ್ಟು ಹಂದಿ ಹಿಂದ್ಗಡೆ ಬಗ್ತೀರಲ್ಲ, ನಿಮ್ಮವ್ವಂಗೆ ಗೊತ್ತಾ?" ಎಂದು ಒಮ್ಮೆ ಕೇಳಿದಳು.

"ಗೊತ್ತು" ಎಂದೆ. ಮನೆಯಲ್ಲಿ ಕಚೇರಿಯ ಬರವಣಿಗೆ ಕೆಲಸವೆಂದು ಹೇಳಿದ್ದೆ.

ಜ್ವರ ಕಂಡದ್ದು ಮೂವತ್ತಾರನೆಯ ದಿನ. ಎರಡೂ ಮರಿಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಹೊಟ್ಟೆಯ ಚರ್ಮ ಕೆಂಪಗಿತ್ತು. ಹೊಸದೇನಾದರೂ ತಿನ್ನಿಸಿದಿರಾ ಎಂದು ಕೇಳಿದೆ.

"ಏನೂ ಇಲ್ಲ. ಅದೇ ತವುಡು, ಬಾಳೆದಿಂಡು. ಓದ್ವಾರ ನೆಂಟ್ರು ಬಂದಿದ್ರು, ಉಪ್ಪುಕಂಡ ನೆನಾಕಿದ್ದೆ. ಆ ನೀರು ಉಯ್ದೆ. ಅಳೀಂದ್ರಿಗೆ ಬರೀ ತವುಡು ಇಕ್ಕುದ್ರೆ ಸರ್ಕಾರ ಏನಂದ್ಕಂಡಾತು?"

"ಯಾವ ಹಂದಿಯ ಒಣಮಾಂಸ ಅದು?"

"ನಮ್ದೇಯ. ಮೊದ್ಲು ಮೇವು ಬುಡ್ತಲ್ಲ, ಅದು. ಸಾಯಾಕ್ ಮುಂಚೇಲೆ ಕುಯ್ದು ಒಣಗಾಕ್ದೊ. ಡಾಕ್ಟ್ರು ಗೂಡಲ್ಲಿರದೆಲ್ಲ ಸುಡು ಅಂದ್ರು, ಸುಟ್ಟೆ. ಇದು ಮನೇಲಿತ್ತಲ್ಲ."

ಮನೆಯಲ್ಲಿತ್ತೆಂಬುದು ನನಗೂ ಗೊತ್ತಿತ್ತು. ಮೊದಲ ದಿನ ಕೈ ತೊಳೆಯಲು ಬಿಸಿನೀರು ಕೇಳಿ ಅವಳ ಬಾಗಿಲಲ್ಲಿ ನಿಂತಿದ್ದಾಗ, ಒಲೆಯ ಮೇಲೆ ಕಟ್ಟಿದ್ದ ಹಗ್ಗದಲ್ಲಿ ಕಪ್ಪನೆಯ ತುಂಡುಗಳು ತೂಗುತ್ತಿದ್ದವು. ನಮ್ಮ ಮನೆಯಲ್ಲಿ ಯಾರೂ ಮಾಂಸ ತಿನ್ನುವುದಿಲ್ಲ. ಇನ್ನೊಬ್ಬರ ಅಡುಗೆಮನೆಗೆ ಕಣ್ಣು ಹಾಕಬಾರದೆಂದೂ ಕಲಿಸಿದ್ದರು. ಮುಖ ಆಚೆಗೆ ತಿರುಗಿಸಿಕೊಂಡಿದ್ದೆ. ಅದನ್ನೇ ಸಭ್ಯತೆ ಎಂದುಕೊಂಡಿದ್ದೆ.

"ನೀವೂ ನೋಡುದ್ರಿ ಅವತ್ತು" ಎಂದಳು ಅವಳು. "ಮಕ ತಿರುಗುಸ್ಕಂಡ್ರಿ. ಪಾಪ, ಅಸಯ್ಯ ಆಯ್ತದೇನೋ ಅಂತ, ಆಮ್ಯಾಕೆ ನೀವು ಬರೋ ದಿನ ಹಗ್ಗ ಬಿಚ್ಚಿ ಒಳೀಕೆ ಇಟ್ಬುಡ್ತಿದ್ದೆ."

ಉಪ್ಪು ಹಾಕಿ ಒಣಗಿಸಿದರೂ ಮಾಂಸದಲ್ಲಿ ರೋಗ ತಿಂಗಳುಗಟ್ಟಲೆ ಉಳಿಯುತ್ತದೆ, ಆ ನೀರಿನಿಂದಲೇ ಮರಿಗಳಿಗೆ ಜ್ವರ ಬಂದಿದೆ ಎಂದೆ.

"ಅಂಗಾರೆ ಮಳವಳ್ಳಿ ಹಂದಿ?"

"ಈಗ ತರುವ ಹಾಗಿಲ್ಲ."

ಅವಳು ಗೂಡಿನ ಕಂಬ ಹಿಡಿದುಕೊಂಡು ಮರಿಗಳನ್ನು ನೋಡುತ್ತ ನಿಂತಳು. "ನಾನೇ ಇಕ್ಕಿ ಕೊಂದಂಗಾಯ್ತು" ಎಂದಳು. ಅಲ್ಲ ಎಂದೆ. ಯಾಕಲ್ಲ ಎಂಬುದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಸಂಜೆಗೆ ವೈದ್ಯರು ಬಂದು ಮರಿಗಳನ್ನು ಕೊಲ್ಲಿಸಿ, ಸುಣ್ಣ ಹಾಕಿಸಿ ಹೂಳಿಸಿದರು. ಉಪ್ಪುಕಂಡವನ್ನು ಹಗ್ಗದ ಸಮೇತ ಅವಳೇ ತಂದು ಬೆಂಕಿಗೆ ಹಾಕಿದಳು. ವರದಿಯಲ್ಲಿ ಒಡತಿಯ ಅಜಾಗರೂಕತೆ ಎಂದು ಬರೆಯಿರಿ ಎಂದು ವೈದ್ಯರು ಹೇಳಿದರು. ಅದನ್ನು ಬರೆಯದೆ, ಮರಿಗಳ ಪರೀಕ್ಷೆಗೆ ಹೋದ ಸಹಾಯಕಿ ಮೊದಲ ದಿನವೇ ಮಾಂಸವನ್ನು ನೋಡಿದ್ದಳು, ಕೇಳಲಿಲ್ಲ ಎಂದು ಬರೆದೆ. ಅವರು ಓದಿ, ನನ್ನ ಮುಖ ನೋಡದೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಮೊದಲ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಆ ತಂಗಿಯ ಮನೆ ಹುಡುಕಿದೆ. ಆಗಿದ್ದನ್ನು ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಆ ಹಂದಿ ಹಾಕುವ ಮರಿಗಳಲ್ಲಿ ಒಂದು ಹೆಣ್ಣನ್ನಾದರೂ ಆರು ತಿಂಗಳು ಅಕ್ಕನಿಗೆಂದು ಇಟ್ಟುಕೊಳ್ಳಿ ಎಂದು ತಂಗಿಯ ಗಂಡನನ್ನು ಕೇಳಿದೆ. ಅವನು ಬೀಡಿ ಹಚ್ಚಿ, ನೋಡಾಣ ಎಂದ. ಅದಕ್ಕಿಂತ ಹೆಚ್ಚು ಅವನ ಬಾಯಿಂದ ಬರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಅವನ ಹೆಂಡತಿಯ ಹಿಂದೆ ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಹಗ್ಗ ಕಟ್ಟಿದೆಯೇ ಎಂದು ತಲೆಯೆತ್ತಿ ನೋಡಿದೆ.